ಯೀಸ್ಟ್ ಕೋಶದ ಗ್ಲುಟಾಥಯೋನ್ ಲೆಕ್ಕಾಚಾರ

ಬೇಸಿಗೆಯಲ್ಲಿ ಮಾಗಡಿ ಬಳಿಯ ಸಾವನದುರ್ಗಕ್ಕೆ ಹೋಗಿದ್ದೀರಾ? ಬೋಳು ಬಂಡೆ ಅಂಗಾಲು ಸುಡುವಷ್ಟು ಕಾದಿರುತ್ತದೆ. ಆ ಸೀಮೆಯ ಮಾವಿನ ತೋಪಿನಲ್ಲಿ ಉದುರಿ ಒಡೆದ ಹಣ್ಣೊಂದನ್ನು ಮೂಸಿ ನೋಡಿ. ಹೆಂಡದಂಥ ಹುಳಿ ವಾಸನೆ ಬಂದರೆ, ಸಿಪ್ಪೆಯ ಮೇಲಿದ್ದ ಯೀಸ್ಟ್ ಒಳಗಿಳಿದು ಸಕ್ಕರೆಯನ್ನು ಹುದುಗಿಸತೊಡಗಿದೆ ಎಂದು ತಿಳಿಯಿರಿ. ಬಿಸಿಲು, ಕಾವು, ಗಾಳಿಯ ಆಕ್ಸಿಜನ್ ಇವೆಲ್ಲವನ್ನೂ ಈ ಏಕಕೋಶಜೀವಿ ತಾಳಿಕೊಳ್ಳಬೇಕು.

ಉಸಿರಾಟದಲ್ಲಿ ಬಳಕೆಯಾಗುವ ಆಕ್ಸಿಜನ್ನಿನ ಅಲ್ಪಭಾಗ ಸೂಪರಾಕ್ಸೈಡ್, ಹೈಡ್ರೊಜನ್ ಪೆರಾಕ್ಸೈಡ್‌ಗಳಾಗಿ ಮಾರ್ಪಡುತ್ತದೆ. ಇವು ಪ್ರೋಟೀನು, ಮೇದಸ್ಸು, ಡಿಎನ್‌ಎಗಳಿಗೆ ಹಾನಿ ಮಾಡುತ್ತವೆ. ಇವುಗಳ ಪ್ರಮಾಣ ಕೋಶದ ಹತೋಟಿ ಮೀರಿದ ಸ್ಥಿತಿಯೇ ಉತ್ಕರ್ಷಣ ಒತ್ತಡ. ಇದನ್ನು ಎದುರಿಸುವ ಸಾಧನಗಳಲ್ಲಿ ಗ್ಲುಟಾಥಯೋನ್ ಒಂದು. ಫ್ರಾನ್ಸಿನ ಡಿ ರೇ-ಪೈಲಾದ್ 1888ರಲ್ಲಿ ಇದನ್ನು ಮೊದಲು ಗುರುತಿಸಿದ್ದು ಯೀಸ್ಟಿನ ಸಾರದಲ್ಲೇ. ಗ್ಲುಟಾಥಯೋನ್ ಎಂಬ ಹೆಸರನ್ನು 1921ರಲ್ಲಿ ಇಂಗ್ಲೆಂಡಿನ ಹಾಪ್ಕಿನ್ಸ್ ಕೊಟ್ಟರು.

ಗ್ಲುಟಮೇಟ್, ಸಿಸ್ಟೀನ್, ಗ್ಲೈಸೀನ್ ಎಂಬ ಮೂರು ಅಮೈನೊ ಆಮ್ಲಗಳು ಸೇರಿ ಈ ಅಣು ಆಗಿದೆ. ಸಿಸ್ಟೀನಿನ ಗಂಧಕವೇ ಇದರ ಕ್ರಿಯಾಶೀಲ ಭಾಗ. ಪೆರಾಕ್ಸೈಡನ್ನು ಅಪಕರ್ಷಿಸುವಾಗ ಎರಡು ಅಣುಗಳು ಗಂಧಕದ ಮೂಲಕ ಜೋಡಿಯಾಗುತ್ತವೆ. ಆ ಜೋಡಿಯನ್ನು ಗ್ಲುಟಾಥಯೋನ್ ರಿಡಕ್ಟೇಸ್ ಎಂಬ ಕಿಣ್ವ ಮತ್ತೆ ಬಿಡಿಸುತ್ತದೆ.

ಕೋಶ ಇದನ್ನು ಎಷ್ಟು ತಯಾರಿಸಬೇಕು? ತಯಾರಿಕೆಗೆ ಎರಡು ಹಂತ, ಎರಡು ಕಿಣ್ವ. ಗ್ಲುಟಾಥಯೋನ್ ಸಾಕಷ್ಟು ಶೇಖರವಾದರೆ ಅದೇ ಮೊದಲ ಕಿಣ್ವವನ್ನು ತಡೆಯುತ್ತದೆ. ನೀರಿನ ತೊಟ್ಟಿ ತುಂಬುತ್ತಿದ್ದಂತೆ ತೇಲುಗುಂಡು ಮೇಲೇರಿ ನಲ್ಲಿ ಮುಚ್ಚುವುದಿಲ್ಲವೇ, ಹಾಗೆ.

ಒತ್ತಡ ಬಂದಾಗ ಮತ್ತೊಂದು ವ್ಯವಸ್ಥೆ ಚುರುಕಾಗುತ್ತದೆ. ಯಾಪ್1 ಎಂಬ ಪ್ರೋಟೀನು ಸಾಮಾನ್ಯವಾಗಿ ಕೋಶಕೇಂದ್ರದೊಳಗೆ ಹೋದರೂ ಕೂಡಲೇ ಹೊರಗೆ ಸಾಗಿಸಲ್ಪಡುತ್ತದೆ. ಪೆರಾಕ್ಸೈಡ್ ಹೆಚ್ಚಿದಾಗ ಜಿಪಿಎಕ್ಸ್3 ಎಂಬ ಇನ್ನೊಂದು ಪ್ರೋಟೀನು ಅದನ್ನು ಗ್ರಹಿಸಿ, ಯಾಪ್1ರ ಎರಡು ಸಿಸ್ಟೀನುಗಳ ನಡುವೆ ಬಂಧ ಏರ್ಪಡುವಂತೆ ಮಾಡುತ್ತದೆ. ಇದನ್ನು 2002ರಲ್ಲಿ ಫ್ರಾನ್ಸಿನ ಟೊಲೆಡಾನೊ ತಂಡ ತೋರಿಸಿತು. ಬಂಧದಿಂದ ಯಾಪ್1ರ ಆಕಾರ ಬದಲಾಗಿ, ಹೊರಸಾಗಣೆಯ ಗುರುತು ಮರೆಯಾಗುತ್ತದೆ. ಕೋಶಕೇಂದ್ರದಲ್ಲೇ ಉಳಿದ ಯಾಪ್1, ಗ್ಲುಟಾಥಯೋನ್ ತಯಾರಿಕೆಯ ಮೊದಲ ಕಿಣ್ವದ ಜೀನನ್ನೂ ರಿಡಕ್ಟೇಸಿನ ಜೀನನ್ನೂ ಪ್ರಚೋದಿಸುತ್ತದೆ. ಒತ್ತಡ ಇಳಿದಾಗ ಥಯೊರೆಡಾಕ್ಸಿನ್ ಆ ಬಂಧವನ್ನು ಬಿಡಿಸುತ್ತದೆ, ಯಾಪ್1 ಹೊರಬೀಳುತ್ತದೆ.

ಇಷ್ಟೊಂದು ಬಿಗಿ ಹತೋಟಿ ಏಕೆ? ಮೊದಲ ಕಿಣ್ವದ ಜೀನ್ ಇಲ್ಲದ ಯೀಸ್ಟ್, ಹೊರಗಿನಿಂದ ಗ್ಲುಟಾಥಯೋನ್ ಕೊಡದಿದ್ದರೆ ಬೆಳೆಯದು. ಹೊರಗಿನದನ್ನು ಒಳಗೊಯ್ಯುವ ಸಾಗಣೆ ಪ್ರೋಟೀನನ್ನು ಚಂಡೀಗಢದ ಸೂಕ್ಷ್ಮಜೀವಿ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಆನಂದ್ ಬಚಾವತ್ ಮತ್ತು ಸಹೋದ್ಯೋಗಿಗಳು 2000ದಲ್ಲಿ ಗುರುತಿಸಿದರು. ಟೊಲೆಡಾನೊ ತಂಡ ಈ ಪ್ರೋಟೀನನ್ನೇ ಹೆಚ್ಚಿಸಿ ಕೋಶದೊಳಗೆ ಗ್ಲುಟಾಥಯೋನ್ ತುಂಬಿತು. 2011ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿಯದು. ಗ್ಲುಟಾಥಯೋನ್ ತೀರಾ ಕಡಿಮೆಯಾದಾಗಲೂ ಅತಿಯಾದಾಗಲೂ ಕೋಶ ಕಬ್ಬಿಣದ ಕೊರತೆ ಇದ್ದಂತೆ ವರ್ತಿಸಿತು. ಕಬ್ಬಿಣ-ಗಂಧಕ ಗುಚ್ಛವಿರುವ ಕಿಣ್ವಗಳು ಕುಂದಿದವು. ಅಂದರೆ ಯೀಸ್ಟಿನ ಬದುಕಿಗೆ ಗ್ಲುಟಾಥಯೋನ್ ಅನಿವಾರ್ಯವಾಗಿರುವುದು ಮುಖ್ಯವಾಗಿ ಕಬ್ಬಿಣದ ನಿರ್ವಹಣೆಗಾಗಿ. ಪೆರಾಕ್ಸೈಡಿನ ಕಾವಲಿನಲ್ಲಿ ಥಯೊರೆಡಾಕ್ಸಿನ್ ವ್ಯವಸ್ಥೆಯೇ ಮುಂದಾಳು, ಗ್ಲುಟಾಥಯೋನ್ ಅದಕ್ಕೆ ಬೆಂಬಲ.

ಉತ್ಕರ್ಷಣ ನಿರೋಧಕ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಜಾಹೀರಾತುಗಳನ್ನು ನಿಮ್ಮ ವಿದ್ಯಾರ್ಥಿಗಳು ನೋಡಿರುತ್ತಾರೆ. ಯೀಸ್ಟಿನ ಫಲಿತಾಂಶವನ್ನು ನೇರವಾಗಿ ಮನುಷ್ಯನಿಗೆ ಅನ್ವಯಿಸಲಾಗದು. ಆದರೆ ಆ ಮಾತಿಗೆ ಪುರಾವೆ ಏನು ಎಂದು ತರಗತಿಯಲ್ಲಿ ಕೇಳಲು ಈ ಪ್ರಯೋಗ ಒಳ್ಳೆಯ ಉದಾಹರಣೆ.