ನಲಿ-ಕಲಿ ಕೊಠಡಿಯ ಏರ್ಪಾಡು

ಒಂದೇ ಕೊಠಡಿಯಲ್ಲಿ ಕುಳಿತ ಮಕ್ಕಳೆಲ್ಲರೂ ಒಂದೇ ವೇಗದಲ್ಲಿ ಕಲಿಯಲಾರರೆಂಬುದು ಅಧ್ಯಾಪಕರೆಲ್ಲರ ಅನುಭವ. ಈ ಭೇದವನ್ನು ಒಪ್ಪಿ ಬೋಧಿಸಬೇಕಾದರೆ ಕೊಠಡಿಯ ಏರ್ಪಾಡೇ ಮೊದಲು ಬದಲಾಗಬೇಕೆಂಬುದಕ್ಕೆ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯನ್ನು ನಿದರ್ಶನವಾಗಿ ನೋಡಬಹುದು. ಆಂಧ್ರಪ್ರದೇಶದ ಋಷಿ ವ್ಯಾಲಿಯ ಗ್ರಾಮಶಾಲೆಗಳ ಪ್ರಯೋಗವೇ ಇದಕ್ಕೆ ಪ್ರೇರಣೆ.

ಇಲ್ಲಿ ಮಕ್ಕಳು ಸಾಲಾಗಿ ಕುಳಿತುಕೊಳ್ಳುವುದಿಲ್ಲ. ಐದು ಗುಂಪುಗಳಾಗಿ ಕುಳಿತುಕೊಳ್ಳುತ್ತಾರೆ. ಮೊದಲನೆಯದಕ್ಕೆ ಶಿಕ್ಷಕರ ಪೂರ್ಣ ನೆರವು, ಎರಡನೆಯದಕ್ಕೆ ಭಾಗಶಃ, ಮುಂದಿನ ಎರಡಕ್ಕೆ ಇದೇ ಕ್ರಮದಲ್ಲಿ ಸಹಪಾಠಿಗಳ ನೆರವು, ಐದನೆಯದು ಸ್ವಕಲಿಕೆಯದು. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಮಗು ತನ್ನ ಮೆಟ್ಟಿಲನ್ನು ಚಿಹ್ನೆಯಿಂದ ಗುರುತಿಸಿ, ಅದಕ್ಕೆ ಹೊಂದುವ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಕಾರ್ಡುಗಳೂ ಕರಿಹಲಗೆಯೂ ಅದರ ಕೈಗೆ ಎಟುಕುವಂತಿರಬೇಕಾದುದು ಇದಕ್ಕಾಗಿಯೇ. (ಬೀರುವಿನಲ್ಲಿ ಬೀಗ ಹಾಕಿಟ್ಟ ಕಾರ್ಡುಗಳು ಹರಿಯದೆ ಉಳಿದಾವು, ಅಷ್ಟೆ.)

ಮುಂದೇನು ಮಾಡಬೇಕೆಂದು ಪ್ರತಿಯೊಬ್ಬರೂ ಶಿಕ್ಷಕರನ್ನು ಕೇಳಬೇಕಾಗಿಲ್ಲವಾದುದರಿಂದ, ನೆರವು ಬೇಕಾದ ನಾಲ್ಕಾರು ಮಕ್ಕಳೊಡನೆ ಅವರು ನಿಶ್ಚಿಂತೆಯಿಂದ ಕುಳಿತುಕೊಳ್ಳಬಲ್ಲರು. ಇದೇ ಈ ಏರ್ಪಾಡಿನ ತಿರುಳೆಂದು ನಾವು ಭಾವಿಸುತ್ತೇವೆ. ಸುಗ್ಗಿಯ ಕಾಲದಲ್ಲಿ ಎರಡು ವಾರ ಶಾಲೆಗೆ ಬಾರದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿರಿ. ಸಾಮಾನ್ಯ ತರಗತಿಯಲ್ಲಿ ಪಾಠವು ಅವಳನ್ನು ಬಿಟ್ಟು ಮುಂದೆ ಸಾಗಿರುತ್ತದೆ. ಅರ್ಥವಾಗದೆ ಕುಳಿತವಳು ಕ್ರಮೇಣ ಶಾಲೆಯನ್ನೇ ಬಿಡುವುದೂ ಉಂಟು. ಇಲ್ಲಿಯಾದರೋ ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮುಂದುವರಿಯುತ್ತಾಳೆ.

2009-10ರಲ್ಲಿ ಈ ಪದ್ಧತಿಯು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವ್ಯಾಪಿಸಿತು. ಮಕ್ಕಳ ಸಂಖ್ಯೆ ಅಧಿಕವಾದೆಡೆ ಐದು ಗುಂಪುಗಳನ್ನೂ ಒಬ್ಬರೇ ಗಮನಿಸುವುದು ಕಷ್ಟವೇ ಸರಿ. ಅಂಥಲ್ಲಿ ಏಣಿಯು ಗೋಡೆಯ ಅಲಂಕಾರವಾಗಿ ಉಳಿದು, ಬೋಧನೆಯು ಮತ್ತೆ ಸಾಮೂಹಿಕವಾಗಿಬಿಡುವ ಅಪಾಯವುಂಟು.