ವಜ್ರದ ಬೆಳಕಿನಲ್ಲಿ ಐದು ವರ್ಷ

ದೇವನಹಳ್ಳಿ ಸೀಮೆಯ ಚನ್ನರಾಯಪಟ್ಟಣದಿಂದಲೋ ಅಂತಹುದೇ ಬೇರೊಂದು ಊರಿನಿಂದಲೋ ಬೆಂಗಳೂರಿಗೆ ಓದಲು ಹೊರಡುವ ವಿದ್ಯಾರ್ಥಿಯು, ಸಂಶೋಧನೆಯೆಂದರೆ ದೊಡ್ಡ ಪದವಿಗಳನ್ನೆಲ್ಲ ಪಡೆದ ಬಳಿಕ ಕೈಹಾಕತಕ್ಕ ಕೆಲಸವೆಂದು ಭಾವಿಸುವುದುಂಟು. ಈ ಭಾವನೆ ಎಷ್ಟರಮಟ್ಟಿಗೆ ಸರಿ? ಅದೇ ಬೆಂಗಳೂರಿನಲ್ಲಿ ಭೌತವಿಜ್ಞಾನದ ವಿದ್ಯಾರ್ಥಿನಿಯೊಬ್ಬರು ಸಂಶೋಧನೆಯನ್ನು ಕಲಿತ ಬಗೆಯನ್ನು ನಾವೀಗ ನೋಡೋಣ.

ಅನ್ನಾ ಮಣಿ ಹುಟ್ಟಿದುದು 1918ರಲ್ಲಿ, ಅಂದಿನ ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ. ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಎಂಟನೆಯ ಹುಟ್ಟುಹಬ್ಬದಂದು ವಜ್ರದ ಓಲೆಗಳನ್ನು ಕೊಡುವ ರೂಢಿಯಿದ್ದಿತು. ಈ ಬಾಲಕಿ ಓಲೆಯನ್ನು ಒಲ್ಲೆನೆಂದು ‘ಎನ್‌ಸೈಕ್ಲೊಪೀಡಿಯಾ ಬ್ರಿಟಾನಿಕಾ’ ಸಂಪುಟಗಳನ್ನು ಕೇಳಿದಳು. 1939ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಭೌತ, ರಸಾಯನ ವಿಜ್ಞಾನಗಳಲ್ಲಿ ಬಿ.ಎಸ್‌ಸಿ. ಆನರ್ಸ್ ಮುಗಿಸಿ, ಮರುವರ್ಷ ವಿದ್ಯಾರ್ಥಿವೇತನದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು, ಸರ್ ಸಿ. ವಿ. ರಾಮನ್ ಅವರ ಪ್ರಯೋಗಶಾಲೆಯನ್ನು ಸೇರಿದರು. ಬೇಡವೆಂದ ವಜ್ರವೇ ಅಲ್ಲಿ ಅವರ ಕೈಗೆ ಬಂದಿತು!

ರಾಮನ್ ಅವರಲ್ಲಿ ಸುಮಾರು 300 ವಜ್ರಗಳ ಸಂಗ್ರಹವಿದ್ದಿತು. ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳು ಬಿದ್ದಾಗ ಕೆಲವು ವಜ್ರಗಳು ನೀಲಿಯಾಗಿ, ಕೆಲವು ಹಸುರಾಗಿ ಹೊಳೆಯುತ್ತವೆ. ಮತ್ತೆ ಕೆಲವು ಹೊಳೆಯುವುದೇ ಇಲ್ಲ. ಈ ಹೊಳಪಿಗೆ ಪ್ರತಿದೀಪ್ತಿಯೆಂದು ಹೆಸರು. ಒಂದೇ ಬಗೆಯಾಗಿ ಕಾಣುವ ಹರಳುಗಳಲ್ಲಿ ಈ ಭೇದವೇಕೆ? ಇದನ್ನರಿಯಲು ಆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಅದರ ರೋಹಿತವನ್ನು ಛಾಯಾಫಲಕದ ಮೇಲೆ ಪಡೆಯಬೇಕಾಗಿದ್ದಿತು. ಬೆಳಕೋ ಅತಿ ಮಂದ. ಒಂದು ಚಿತ್ರಕ್ಕಾಗಿ ಫಲಕವನ್ನು ಹದಿನೈದು ಇಪ್ಪತ್ತು ಗಂಟೆಗಳ ಕಾಲ ಒಡ್ಡಬೇಕು. ಪರಮಾಣುಗಳ ಕಂಪನ ತಗ್ಗಿ ರೇಖೆಗಳು ಸ್ಫುಟವಾಗಿ ಮೂಡಲೆಂದು ಹರಳನ್ನು ದ್ರವ ವಾಯುವಿನ ಶೈತ್ಯದಲ್ಲಿಡಬೇಕು. ಅನ್ನಾ ಮಣಿ ಎಷ್ಟೋ ರಾತ್ರಿಗಳನ್ನು ಪ್ರಯೋಗಶಾಲೆಯಲ್ಲಿಯೇ ಕಳೆದರು.

ಫಲವೇನು? ನೀಲಿಯಾಗಿ ಹೊಳೆಯುವ ವಜ್ರದ ರೋಹಿತದಲ್ಲಿ 4152 ಆಂಗ್‌ಸ್ಟ್ರಾಮ್ ತರಂಗದೂರದ ರೇಖೆಯೊಂದುಂಟು. ಅದರ ಒಂದು ಪಕ್ಕದಲ್ಲಿ ವಜ್ರವು ಹೊರಸೂಸುವ ಬೆಳಕಿನ ಪಟ್ಟಿಗಳು, ಇನ್ನೊಂದು ಪಕ್ಕದಲ್ಲಿ ಹೀರಿಕೊಳ್ಳುವ ಬೆಳಕಿನ ಪಟ್ಟಿಗಳು. ಒಂದು ಮತ್ತೊಂದರ ಕನ್ನಡಿಯ ಬಿಂಬದಂತಿವೆ. ಹೊಳಪು ವಜ್ರದ ಸಹಜ ಗುಣವೇ ಎಂದು ರಾಮನ್ ನಂಬಿದ್ದರು. ಈ ನೀಲಿ ಹೊಳಪಿಗೆ ಹರಳಿನಲ್ಲಿ ಸೇರಿಕೊಂಡ ನೈಟ್ರೊಜನ್ ಪರಮಾಣುಗಳು ಕಾರಣವೆಂದು ಮುಂದೆ ತಿಳಿದುಬಂದಿತು. ವಿವರಣೆ ಬದಲಾಯಿತು, ಅಳೆದ ರೇಖೆ ಮಾತ್ರ ಇದ್ದಲ್ಲಿಯೇ ಇದೆ.

1942ರಿಂದ 1945ರ ವರೆಗೆ ಅವರೊಬ್ಬರ ಹೆಸರಿನಲ್ಲಿಯೇ ಐದು ಪ್ರಬಂಧಗಳು ಪ್ರಕಟವಾದುವು. ವಿಜ್ಞಾನ ಮಂದಿರದಲ್ಲಿ ನಡೆದ ಈ ಕೆಲಸಕ್ಕೆ ಪದವಿ ಕೊಡಬೇಕಾಗಿದ್ದುದು ಮದರಾಸು ವಿಶ್ವವಿದ್ಯಾನಿಲಯ. 1945ರ ಆಗಸ್ಟಿನಲ್ಲಿ ಮಹಾಪ್ರಬಂಧವನ್ನು ಒಪ್ಪಿಸಿದರು. ಎಂ.ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಡಾಕ್ಟರೇಟ್ ದೊರೆಯಲಿಲ್ಲ. ಆನರ್ಸ್ ಪದವಿಯಾಗಲಿ, ಐದು ವರ್ಷಗಳ ದುಡಿಮೆಯಾಗಲಿ ಲೆಕ್ಕಕ್ಕೆ ಬರಲಿಲ್ಲ. ಮಹಾಪ್ರಬಂಧವು ರಾಮನ್ ಸಂಶೋಧನ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿಯಿತು.

ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ, ಹವಾಮಾನ ಉಪಕರಣಗಳನ್ನು ಅಭ್ಯಸಿಸಲು, ಅನ್ನಾ ಮಣಿ ಇಂಗ್ಲೆಂಡಿಗೆ ತೆರಳಿದರು. 1948ರಲ್ಲಿ ಮರಳಿ ಪುಣೆಯಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ಸುಮಾರು ನೂರು ಬಗೆಯ ಉಪಕರಣಗಳನ್ನು ದೇಶದಲ್ಲಿಯೇ ತಯಾರಿಸಲು ಬೇಕಾದ ನಕ್ಷೆಗಳನ್ನು ಕ್ರಮಗೊಳಿಸಿದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾಗಿ, 2001ರಲ್ಲಿ ತೀರಿಕೊಂಡರು. ಡಾಕ್ಟರೇಟ್ ಕೊನೆಗೂ ಬರಲಿಲ್ಲ.

ಪದವಿ ಬೇಡವೆಂದು ನಾವು ಹೇಳುವುದಿಲ್ಲ; ಅದಿಲ್ಲದೆ ತೆರೆಯದ ಬಾಗಿಲುಗಳು ಇಂದಿಗೂ ಉಂಟು. ಆದರೆ ಮಂದವಾದ ಬೆಳಕಿನ ಮುಂದೆ ಇಪ್ಪತ್ತು ಗಂಟೆ ಕಾಯುವ ತಾಳ್ಮೆಯನ್ನೂ, ಕಂಡುದನ್ನು ಕಂಡಂತೆಯೇ ಅಳೆದು ಬರೆಯುವ ನಿಷ್ಠೆಯನ್ನೂ ಪ್ರಯೋಗಶಾಲೆಯಲ್ಲಿಯೇ ಕಲಿಯಬೇಕು. ಕಲಿತವರಿಂದ ಅದನ್ನು ಯಾವ ನಿಯಮವೂ ಕಸಿದುಕೊಳ್ಳಲಾರದು.