ಕೂಸಿನ ಸರಿಯೂ ದ್ರವದ ಸ್ನಿಗ್ಧತೆಯೂ

ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಕೂಸಿಗೆ ಸಾಕಾದ ಆಹಾರ. ಅಲ್ಲಿಂದ ಮುಂದೆ ಹಾಲಿನೊಡನೆ ಬೇರೆ ಆಹಾರವೂ ಬೇಕಾಗುತ್ತದೆ. ನಮ್ಮ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಈ ಮೊದಲ ಆಹಾರವೆಂದರೆ ಬಹುಮಟ್ಟಿಗೆ ರಾಗಿಯ ಸರಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳೆಯಿಸಿ, ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ, ಬೀಸಿ, ತೆಳುಬಟ್ಟೆಯಲ್ಲಿ ಸೋಸಿ ತೆಗೆದ ನುಣ್ಣನೆಯ ಹಿಟ್ಟನ್ನು ಬೇಯಿಸಿ ಉಣಿಸುವುದು ಅಜ್ಜಿಯರ ಕಾಲದಿಂದ ನಡೆದುಬಂದ ಕ್ರಮ. ಕೊನೆಗೆ ಹಿಟ್ಟನ್ನೇ ಬೇಯಿಸುವುದಾದರೆ ಮೊಳೆಯಿಸುವ ಈ ಶ್ರಮವೇಕೆ ಎಂದು ಕೇಳಿದರೆ, "ಮೊಳಕೆ ಕಟ್ಟಿದ್ದು ಬೇಗ ಅರಗುತ್ತದೆ" ಎಂಬ ಉತ್ತರ ಬರುತ್ತದೆ. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧವು ಭೌತವಿಜ್ಞಾನಕ್ಕೆ, ಅದರಲ್ಲಿಯೂ ದ್ರವಗಳ ಸ್ನಿಗ್ಧತೆಯ ಅಧ್ಯಾಯಕ್ಕೆ ಸೇರಿದುದು.

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ತಾಯಿಯ ಹಾಲನ್ನು ಸಾಕಷ್ಟು ಕುಡಿಯುತ್ತಿರುವ ಆರರಿಂದ ಎಂಟು ತಿಂಗಳ ಮಗುವಿಗೆ ಇತರ ಆಹಾರದಿಂದ ದಿನಕ್ಕೆ ಸುಮಾರು 200 ಕಿಲೋಕ್ಯಾಲೊರಿಯಷ್ಟು ಶಕ್ತಿ ದೊರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ ಇದು 300ಕ್ಕೆ, ವರ್ಷ ತುಂಬಿದ ಮೇಲೆ 550ಕ್ಕೆ ಏರುತ್ತದೆ. ಆದರೆ ಮಗುವಿನ ಜಠರವಾದರೂ ಎಷ್ಟು ದೊಡ್ಡದು? ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 30 ಗ್ರಾಂ ಆಹಾರ ಹಿಡಿಯುತ್ತದೆ ಎಂದು ಭಾವಿಸುವುದು ರೂಢಿ. ಏಳು ಕಿಲೋ ತೂಗುವ ಕೂಸಿಗೆ ಒಂದು ಸಲಕ್ಕೆ 210 ಗ್ರಾಂ ಎಂದರೆ ಅದೇ ಮೇರೆ.

ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕಿಲೋಕ್ಯಾಲೊರಿ ಇದೆ. ಗಂಟಲಲ್ಲಿ ಸಲೀಸಾಗಿ ಇಳಿಯಲೆಂದು ನೂರು ಗ್ರಾಂ ಸರಿಯಲ್ಲಿ ಎಂಟು ಗ್ರಾಂ ಹಿಟ್ಟು ಮಾತ್ರ ಇರುವಂತೆ ನೀರಾಗಿ ಬೇಯಿಸಿದೆವೆನ್ನೋಣ. ಆಗ ಒಂದು ಗ್ರಾಂ ಸರಿಯಲ್ಲಿರುವುದು ಕಾಲು ಕಿಲೋಕ್ಯಾಲೊರಿ. 200 ಬೇಕಾದರೆ ಮಗು 800 ಗ್ರಾಂ ಉಣ್ಣಬೇಕು. ಅಷ್ಟು ಉಂಡರೆ ಹಾಲಿಗೆ ಎಡೆಯೆಲ್ಲಿ? ಹೊಟ್ಟೆ ತುಂಬಿ ಮಗು ಮುಖ ತಿರುಗಿಸುತ್ತದೆ, ತಾಯಿ ಸಾಕಾಯಿತೆಂದು ಬಟ್ಟಲನ್ನು ಎತ್ತಿಡುತ್ತಾಳೆ, ತೂಕ ಮಾತ್ರ ಏರುವುದಿಲ್ಲ. ನೂರು ಗ್ರಾಂ ಸರಿಯಲ್ಲಿ 25 ಗ್ರಾಂ ಹಿಟ್ಟಿದ್ದರೆ 250 ಗ್ರಾಮಿನಲ್ಲಿಯೇ ಕೆಲಸ ಮುಗಿಯುತ್ತಿತ್ತು. ಆದರೆ ಅಷ್ಟು ಹಿಟ್ಟನ್ನು ಹಾಕಿ ಬೇಯಿಸಿದರೆ ಆಗುವುದೇನೆಂಬುದನ್ನು ಕನ್ನಡ ನಾಡಿನವರಿಗೆ ಹೇಳಬೇಕಾಗಿಲ್ಲ. ಅದು ಹೆಚ್ಚುಕಡಿಮೆ ಮುದ್ದೆಯೇ! ಹಲ್ಲಿಲ್ಲದ ಬಾಯಿಗೆ ಮುದ್ದೆಯನ್ನು ಕೊಡುವಂತಿಲ್ಲ.

ಹಿಟ್ಟು ಹೀಗೆ ಗಟ್ಟಿಯಾಗುವುದೇಕೆ? ಪಿಷ್ಟವು ಹಿಟ್ಟಿನಲ್ಲಿ ಅತಿಸೂಕ್ಷ್ಮವಾದ ಕಣಗಳ ರೂಪದಲ್ಲಿದೆ. ತಣ್ಣೀರಿನಲ್ಲಿ ಈ ಕಣಗಳು ಮರಳಿನಂತೆ ತಳಕ್ಕೆ ಇಳಿಯುತ್ತವೆ. ಉಷ್ಣತೆಯು 65 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಏರಿದಾಗ ಅವು ತಮ್ಮ ತೂಕದ ಹಲವು ಪಾಲು ನೀರನ್ನು ಹೀರಿ ಊದಿಕೊಳ್ಳುತ್ತವೆ. ಹರಿದಾಡಲು ಬಿಡಿಯಾಗಿದ್ದ ನೀರು ಕಡಿಮೆಯಾಗುತ್ತದೆ, ಊದಿದ ಕಣಗಳು ಒಂದನ್ನೊಂದು ಒತ್ತತೊಡಗುತ್ತವೆ. ಇದಲ್ಲದೆ ಕಣಗಳೊಳಗಿಂದ ಪಿಷ್ಟದ ಉದ್ದನೆಯ ಅಣುಸರಪಳಿಗಳು ಹೊರಕ್ಕೆ ಸೋರಿ ನೀರಿನಲ್ಲಿ ತೊಡರಿಕೊಳ್ಳುತ್ತವೆ. ಪಿಷ್ಟವೆಂದರೆ ಗ್ಲೂಕೋಸಿನ ನೂರಾರು, ಸಾವಿರಾರು ಘಟಕಗಳನ್ನು ಪೋಣಿಸಿದ ಸರವಷ್ಟೆ. ದ್ರವದ ಒಂದು ಪದರ ಇನ್ನೊಂದರ ಮೇಲೆ ಜಾರುವಾಗ ಹುಟ್ಟುವ ಒಳಘರ್ಷಣೆಯೇ ಸ್ನಿಗ್ಧತೆ. ತೊಡರಿಕೊಂಡ ಸರಗಳಿರುವಲ್ಲಿ ಪದರಗಳು ಜಾರುವುದು ಕಷ್ಟ. ಒಂದು ಹಿಡಿ ಬೆಂದ ಶಾವಿಗೆಯನ್ನು ಉದ್ದುದ್ದವಾಗಿಯೇ ಕಲಕಿ ನೋಡಿ, ಅದೇ ಶಾವಿಗೆಯನ್ನು ಚೂರುಮಾಡಿ ಕಲಕಿ ನೋಡಿ. ತೂಕ ಒಂದೇ, ಕೈಗೆ ತಗಲುವ ಪ್ರತಿರೋಧ ಬೇರೆ.

ಆದುದರಿಂದ ಹಿಟ್ಟನ್ನು ಕಡಿಮೆ ಮಾಡದೆ ಸರಿಯನ್ನು ತೆಳುವಾಗಿಸಬೇಕಾದರೆ ಸರಗಳನ್ನು ತುಂಡರಿಸಬೇಕು. ಈ ಕತ್ತರಿಯನ್ನು ಬೀಜವೇ ಸಿದ್ಧಪಡಿಸಿಕೊಳ್ಳುತ್ತದೆ. ಮೊಳೆಯುವ ಕಾಳು ತನ್ನಲ್ಲಿ ಕೂಡಿಟ್ಟ ಪಿಷ್ಟವನ್ನು ಎಳೆಯ ಸಸಿಗೆ ಉಣಿಸಬೇಕಷ್ಟೆ. ಅದಕ್ಕಾಗಿ ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸುತ್ತದೆ. ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬ ರಸಾಯನವಿಜ್ಞಾನಿಗಳು 1833ರಲ್ಲಿ ಮೊಳೆತ ಬಾರ್ಲಿಯಿಂದ ಇಂತಹ ವಸ್ತುವನ್ನು ಬೇರ್ಪಡಿಸಿ ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಇಲ್ಲಿ ಗಮನಿಸಬೇಕಾದ ಸ್ವಾರಸ್ಯವೊಂದಿದೆ. ಸಾವಿರ ಘಟಕಗಳ ಸರವನ್ನು ನಡುವೆ ಒಂದೇ ಕಡೆ ಕತ್ತರಿಸಿದರೂ ಉದ್ದ ಅರ್ಧವಾಗುತ್ತದೆ. ಕೆಲವೇ ಕತ್ತರಿಕೆಗಳಿಗೆ ಸ್ನಿಗ್ಧತೆ ಕುಸಿದುಬೀಳುತ್ತದೆ. ಆದರೆ ಸರದ ಮಣಿಗಳಾವುವೂ ಕಳೆದುಹೋಗುವುದಿಲ್ಲವಾದ್ದರಿಂದ ಆಹಾರದ ಶಕ್ತಿ ಇದ್ದಷ್ಟೇ ಇರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು 1982ರಲ್ಲಿ ಮೊಳೆತ ರಾಗಿ ಮತ್ತು ಹೆಸರುಕಾಳಿನಿಂದ ಸಿದ್ಧಪಡಿಸಿದ ಶಿಶು ಆಹಾರದ ವಿಷಯವಾಗಿ ಪ್ರಕಟಿಸಿದ ಲೇಖನವು ಈ ತತ್ತ್ವವನ್ನೇ ಆಧರಿಸಿದ್ದಿತು.

ಆದರೆ ಕಿಣ್ವವು ಬಿಸಿಯನ್ನು ಅಷ್ಟಾಗಿ ಸಹಿಸದು. ನೀರಿನಲ್ಲಿ ಉಷ್ಣತೆ 80 ಡಿಗ್ರಿಯನ್ನು ಸಮೀಪಿಸುವಷ್ಟರಲ್ಲಿ ಅದು ಬೇಗಬೇಗನೆ ನಿಷ್ಕ್ರಿಯವಾಗತೊಡಗುತ್ತದೆ. ಪಿಷ್ಟ ಊದಿಕೊಳ್ಳುವುದಕ್ಕೂ ಕಿಣ್ವ ಕೆಡುವುದಕ್ಕೂ ನಡುವೆ ಹತ್ತು ಹದಿನೈದು ಡಿಗ್ರಿಗಳ ಕಿರಿದಾದ ಓಣಿಯಿದೆ. ಕೆಲಸವೆಲ್ಲ ಅಲ್ಲಿಯೇ ನಡೆಯಬೇಕು. ಹಿಟ್ಟನ್ನು ನೇರವಾಗಿ ಕುದಿಯುವ ನೀರಿಗೆ ಸುರಿದರೆ ಕತ್ತರಿಯೇ ಮೊದಲು ಮುರಿದುಹೋಗುತ್ತದೆ. ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸುತ್ತ ಕಲಕಬೇಕೆಂಬ ಹಿರಿಯರ ಕಟ್ಟಳೆಗೆ ಕಾರಣವಿದು. ಮೊಳೆತ ಕಾಳನ್ನು ಕೆಂಪಾಗುವವರೆಗೆ ಹುರಿದರೂ ಇದೇ ನಷ್ಟ; ಪರಿಮಳ ಬರುತ್ತದೆ, ಕಿಣ್ವ ಹೋಗುತ್ತದೆ. ಮೊಳೆಯಿಸದ ಹಿಟ್ಟಿನ ಗಟ್ಟಿ ಗಂಜಿಯನ್ನು 65 ಡಿಗ್ರಿಗೆ ಆರಿಸಿ ಒಂದು ಚಮಚ ಮೊಳಕೆಹಿಟ್ಟನ್ನು ಬೆರೆಸಿದರೂ ಕೆಲವು ನಿಮಿಷಗಳಲ್ಲಿ ಅದು ತೆಳುವಾಗುವುದನ್ನು ಕಾಣಬಹುದು. ಆದರೆ ಬೆಚ್ಚಗೆ, ಒದ್ದೆಯಾಗಿ ಮೊಳೆತ ಕಾಳಿನಲ್ಲಿ ಸೂಕ್ಷ್ಮಜೀವಿಗಳೂ ಬೆಳೆದಿರುತ್ತವೆ. ಆದ್ದರಿಂದ ತೆಳುವಾದ ಮೇಲೆ ಮತ್ತೊಮ್ಮೆ ಚೆನ್ನಾಗಿ ಕುದಿಸಲೇಬೇಕು. ಬೂಷ್ಟು ಹಿಡಿದ ಮೊಳಕೆಯನ್ನು ಎಸೆಯಬೇಕು. ರಾಗಿಯ ಬದಲು ಜೋಳವನ್ನು ಮೊಳೆಯಿಸಲು ಹೊರಡುವವರು ತಿಳಿದಿರಬೇಕಾದುದೆಂದರೆ, ಜೋಳದ ಮೊಳಕೆಯಲ್ಲಿ ವಿಷಕರವಾದ ಹೈಡ್ರೋಸಯಾನಿಕ್ ಆಮ್ಲವನ್ನು ಬಿಡುಗಡೆ ಮಾಡುವ ವಸ್ತುವಿದೆ. ಕೂಸಿನ ಆಹಾರಕ್ಕೆ ಅದು ಬೇಡ.

ಪರೀಕ್ಷಿಸಿ ನೋಡಬಯಸುವ ವಿದ್ಯಾರ್ಥಿಗಳು ಮೊಳೆಯಿಸಿದ ಮತ್ತು ಮೊಳೆಯಿಸದ ಹಿಟ್ಟನ್ನು ಸಮತೂಕದಲ್ಲಿ ತೆಗೆದುಕೊಂಡು, ಸಮನಾದ ನೀರಿನಲ್ಲಿ ನಿಧಾನವಾಗಿ ಬೇಯಿಸಿ, ಎರಡರಿಂದಲೂ ಒಂದೊಂದು ಚಮಚವನ್ನು ಓರೆಯಾಗಿಟ್ಟ ಸ್ಟೀಲ್ ತಟ್ಟೆಯ ಮೇಲೆ ಬಿಟ್ಟು, ಅಂಚನ್ನು ಮುಟ್ಟಲು ಹಿಡಿಯುವ ಕಾಲವನ್ನು ಗುರುತಿಸಿಕೊಳ್ಳಲಿ. ಎರಡೂ ಒಂದೇ ಉಷ್ಣತೆಯಲ್ಲಿರಬೇಕೆಂಬುದನ್ನು ಮರೆಯಬಾರದು. ಬೆಂದ ಪಿಷ್ಟ ಆರಿದಂತೆಲ್ಲ ಗಟ್ಟಿಯಾಗುತ್ತದೆ. ಒಲೆಯ ಮೇಲೆ ಸರಿಯಾಗಿ ಕಂಡ ಹದ ಬಟ್ಟಲಿನಲ್ಲಿ ಹೆಪ್ಪುಗಟ್ಟಿರುತ್ತದೆ. ಆದುದರಿಂದ ಹದವನ್ನು ಉಣಿಸುವ ಬಿಸಿಯಲ್ಲಿಯೇ ನೋಡಬೇಕು. ಚಮಚವನ್ನು ಓರೆ ಮಾಡಿದಾಗ ನೀರಿನಂತೆ ಸುರಿದುಹೋಗದೆ ಅಲ್ಲಿಯೇ ನಿಲ್ಲುವಂತಿದ್ದರೆ ಸರಿ.

ರಾಗಿಯೊಂದರಿಂದಲೇ ಎಲ್ಲವೂ ದೊರೆಯುತ್ತದೆಂದು ನಾವು ಹೇಳಲಾರೆವು. ಅದರಲ್ಲಿ ಸುಣ್ಣದ ಅಂಶ ಧಾರಾಳ, ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ಅದರ ಹೆಚ್ಚು ಪಾಲು ಸಿಪ್ಪೆಯಲ್ಲಿರುವುದರಿಂದ ತೀರ ನುಣ್ಣಗೆ ಸೋಸಿದಷ್ಟೂ ಒಂದಿಷ್ಟು ನಷ್ಟವೇ. ಹುಟ್ಟುವಾಗ ಮಗು ತಂದ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಕರಗುತ್ತ ಬಂದಿರುತ್ತದೆ; ರಾಗಿಯಲ್ಲಿನ ಕಬ್ಬಿಣ ಕರುಳಿಗೆ ಸುಲಭವಾಗಿ ದಕ್ಕುವುದಿಲ್ಲ. ಬೇಳೆ, ಸೊಪ್ಪು, ಬೆಂದ ಮೊಟ್ಟೆ ಇವು ಕ್ರಮವಾಗಿ ಜೊತೆಗೂಡಬೇಕು. ಉಪ್ಪು, ಸಕ್ಕರೆ ಬೇಕಿಲ್ಲ. ಜೇನು ನೆಕ್ಕಿಸುವ ಪದ್ಧತಿ ಹಲವು ಮನೆಗಳಲ್ಲಿದೆ. ಬಾಟ್ಯುಲಿಸಂ ರೋಗದ ಬೀಜಾಣುಗಳು ಅದರಲ್ಲಿರಬಹುದಾದ್ದರಿಂದ ವರ್ಷ ತುಂಬುವವರೆಗೆ ಅದನ್ನು ಕೊಡಕೂಡದು.

ಇನ್ನು ಆರಿಸುವ ವಿಷಯ. ನೀರು ಆರುವಾಗ ಮೇಲಿನ ತಣಿದ ಪದರ ಕೆಳಕ್ಕಿಳಿದು ಬಿಸಿಯದು ಮೇಲೇರುವ ಸಂವಹನ ನಡೆಯುತ್ತದೆ. ಗಟ್ಟಿಯಾದ ಸರಿಯಲ್ಲಿ ಈ ಓಡಾಟಕ್ಕೆ ಸ್ನಿಗ್ಧತೆಯೇ ಅಡ್ಡಿ. ಉಷ್ಣವು ವಹನದಿಂದ ಮಾತ್ರ ಮೆಲ್ಲಮೆಲ್ಲನೆ ಹೊರಬರಬೇಕು. ಮೇಲೆ ಕೆನೆಗಟ್ಟಿ ತಣ್ಣಗಿದ್ದರೂ ಒಳಗೆ ನಾಲಿಗೆ ಸುಡುವಷ್ಟು ಬಿಸಿ ಉಳಿದಿರುತ್ತದೆ. ಕಲಕಿ, ನಡುವಿನಿಂದ ತೆಗೆದು, ಮಣಿಕಟ್ಟಿನ ಮೇಲೆ ಮುಟ್ಟಿಸಿ ನೋಡಿದ ಮೇಲೆಯೇ ಉಣಿಸಬೇಕು. ಹಾಗೆಂದು ಬೆಳಗಿನ ಸರಿಯನ್ನು ಮಧ್ಯಾಹ್ನದವರೆಗೆ ಉಗುರುಬೆಚ್ಚಗೆ ಇಟ್ಟುಕೊಳ್ಳುವುದೂ ಸಲ್ಲದು. ಅನುಕೂಲವಾದ ಬಿಸಿಯಲ್ಲಿ ಕೆಲವು ಬಗೆಯ ಬ್ಯಾಕ್ಟೀರಿಯಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ನಾಲ್ಕು ಗಂಟೆಗಳಲ್ಲಿ ಹನ್ನೆರಡು ಸಲ ಇಮ್ಮಡಿಯಾದರೆ ಒಂದಿದ್ದದ್ದು 4096 ಆಗುತ್ತದೆ.